ಎಲೆಕ್ಟ್ರಿಕಲ್ ಪರೀಕ್ಷೆಗೆ ಆರು ವಾರ: ಲೆಕ್ಕ ಗೊತ್ತಿದ್ದೂ ಅಂಕ ಹೋಗೋದು ಎಲ್ಲಿ?

ಐದನೇ_ಸೆಮಿಸ್ಟರ್

ಎಲ್ಲರಿಗೂ ನಮಸ್ಕಾರ. ಪರೀಕ್ಷೆಗೆ ಇನ್ನು ಆರು ವಾರ ಇದೆ. ಸರ್ಕ್ಯೂಟ್ ಥಿಯರಿ, ಮಷೀನ್ಸ್, ಕಂಟ್ರೋಲ್ ಸಿಸ್ಟಮ್ಸ್, ಪವರ್ ಸಿಸ್ಟಮ್ಸ್, ಪವರ್ ಎಲೆಕ್ಟ್ರಾನಿಕ್ಸ್, ಒಟ್ಟು ಐದು ಪೇಪರ್. ಒಂದೊಂದೂ 100 ಅಂಕ, 3 ಗಂಟೆ. ಬಿಡಿಸಿಟ್ಟ ಲೆಕ್ಕ ಓದುವಾಗ ಎಲ್ಲಾ ಅರ್ಥವಾಗುತ್ತೆ. ಪುಸ್ತಕ ಮುಚ್ಚಿ ಅದೇ ಲೆಕ್ಕಕ್ಕೆ ಕೂತರೆ ಎರಡನೇ ಸಾಲಿಗೇ ನಿಂತುಬಿಡುತ್ತೆ. ಉತ್ತರ ಬಂದರೂ ಅದು ಸರಿಯೋ ತಪ್ಪೋ ಗೊತ್ತಾಗೋದು ಪುಸ್ತಕದ ಕೊನೇ ಪುಟ ತಿರುವಿದ ಮೇಲೆ. ಪರೀಕ್ಷೆಯಲ್ಲಿ ಆ ಪುಟ ಇರಲ್ಲ.

ಆರು ವಾರ ಹೇಗೆ ಹಂಚಿಕೊಳ್ಳೋದು, ಯಾವ ಲೆಕ್ಕದಲ್ಲಿ ಎಲ್ಲಿ ಎಡವುತ್ತಾರೆ, ಉತ್ತರ ಸರಿ ಇದೆಯಾ ಅಂತ ಕೂತಲ್ಲೇ ಹೇಗೆ ನೋಡಿಕೊಳ್ಳೋದು, ಇಷ್ಟು ತಿಳಿಸಿ. ಒಂದೊಂದು ಲೆಕ್ಕ ಹಿಡಿದು ಹೇಳಿದರೆ ತುಂಬಾ ಉಪಕಾರ.

ಕೋರ್‌ಲಾಸ್

ಓದಿದಾಗ ಅರ್ಥವಾಗಿ, ಬರೆಯುವಾಗ ನಿಲ್ಲುತ್ತೆ ಅಂದರೆ ಕಣ್ಣಿಗೆ ಅಭ್ಯಾಸವಾಗಿದೆ, ಕೈಗೆ ಆಗಿಲ್ಲ ಅಂತ ಅರ್ಥ. ಕೂರುವ ರೀತಿಯನ್ನೇ ಬದಲಾಯಿಸಿ. ಪ್ರಶ್ನೆಯನ್ನು ಮಾತ್ರ ಒಂದು ಹಾಳೆಗೆ ಇಳಿಸಿ ಪುಸ್ತಕ ಮುಚ್ಚಿಡಿ. ಸರ್ಕ್ಯೂಟ್ ಅಥವಾ ಫೇಸರ್ ಚಿತ್ರ (ಎಸಿ ವೋಲ್ಟೇಜ್, ಕರೆಂಟನ್ನ ಬಾಣಗಳಾಗಿ ತೋರಿಸೋದು) ಬರೆಯಿರಿ, ಕೊಟ್ಟಿರೋದನ್ನೆಲ್ಲ ಚಿತ್ರದ ಮೇಲೇ ಗುರುತು ಹಾಕಿ. 10 ಅಂಕದ ಲೆಕ್ಕಕ್ಕೆ 15 ನಿಮಿಷ ಗಡಿಯಾರ ಇಡಿ. ನಿಂತುಹೋದರೆ 3 ನಿಮಿಷ ಒದ್ದಾಡಿ, ಆಮೇಲೆ ಪುಸ್ತಕ ತೆರೆದು ನಿಂತ ಸಾಲೊಂದನ್ನೇ ನೋಡಿ ಮತ್ತೆ ಮುಚ್ಚಿ. ನೋಡಿದ ಸಾಲಿನ ಪಕ್ಕ ಕೆಂಪು ಗೆರೆ ಎಳೆಯಿರಿ. ಮಾರನೇ ದಿನ ಅದೇ ಲೆಕ್ಕ ಖಾಲಿ ಹಾಳೆಯಲ್ಲಿ ಮೊದಲಿಂದ ಮಾಡಿ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಕೆಂಪು ಗೆರೆಯಿಲ್ಲದೆ ಮುಗಿದ ದಿನ ಆ ಲೆಕ್ಕ ನಿಮ್ಮದು.

ಜೊತೆಗೆ ತಪ್ಪುಗಳಿಗೆ ಅಂತಲೇ ಒಂದು ನೋಟ್‌ಬುಕ್ ಇಡಿ. ಪೂರ್ತಿ ಲೆಕ್ಕ ಅದರಲ್ಲಿ ಬೇಡ, ಒಂದು ತಪ್ಪಿಗೆ ಒಂದು ಸಾಲು ಸಾಕು: "ಎಚ್‌ವಿ ಕಡೆಯ ರೆಸಿಸ್ಟೆನ್ಸ್ ಅನ್ನು ಎಲ್‌ವಿ ಸರ್ಕ್ಯೂಟ್‌ಗೆ ಹಾಗೇ ಹಾಕಿದೆ", "ಲೀಡಿಂಗ್‌ಗೆ ಮೈನಸ್ ಹಾಕಲಿಲ್ಲ". (ಎಚ್‌ವಿ ಅಂದರೆ ಹೆಚ್ಚು ವೋಲ್ಟೇಜಿನ ಕಡೆ, ಎಲ್‌ವಿ ಅಂದರೆ ಕಡಿಮೆ ವೋಲ್ಟೇಜಿನ ಕಡೆ.) ಎರಡು ವಾರ ಕಳೆಯೋ ಹೊತ್ತಿಗೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಸಿದ್ಧಾಂತ ಗೊತ್ತಿಲ್ಲದೆ ಹೋದ ಅಂಕ ಕಡಿಮೆ. ಯಾವ ಕಡೆ, ಯಾವ ಚಿಹ್ನೆ, ಯಾವ ಬೇಸ್ ಅನ್ನೋದರಲ್ಲಿ ಹೋದದ್ದೇ ಹೆಚ್ಚು. ಕೊನೇ ವಾರ ಪುಸ್ತಕಕ್ಕಿಂತ ಈ ನೋಟ್‌ಬುಕ್ಕೇ ಕೈ ಹಿಡಿಯುತ್ತೆ.

ಹಂಚಿಕೆ ಹೀಗಿರಲಿ: ಮೊದಲ ನಾಲ್ಕು ವಾರ ಯೂನಿಟ್ ಪ್ರಕಾರ ಲೆಕ್ಕ, ದಿನಕ್ಕೆ ಎರಡೇ ವಿಷಯ. ಐದನೇ ವಾರ ದಿನಕ್ಕೊಂದು ಪೂರ್ತಿ ಹಳೇ ಪ್ರಶ್ನೆಪತ್ರಿಕೆ, 3 ಗಂಟೆ ಎದ್ದೇಳದೆ. ಆರನೇ ವಾರ ಆ ಐದು ಪತ್ರಿಕೆಯಲ್ಲಿ ತಪ್ಪಿದ್ದನ್ನು ಮಾತ್ರ. ಶುರು ಮಾಡೋದು ಸರ್ಕ್ಯೂಟ್ ಥಿಯರಿಯಿಂದ. ಫೇಸರ್ ಕೈಗೆ ಹತ್ತದಿದ್ದರೆ ಮಷೀನ್ಸೂ ಹತ್ತಲ್ಲ, ಪವರ್ ಸಿಸ್ಟಮ್ಸೂ ಹತ್ತಲ್ಲ.

ಫೇಸರ್

ಕೋರ್‌ಲಾಸ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಕಳೆದ ಐದು ವರ್ಷದ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಒಂದು ಕೋಷ್ಟಕ ಮಾಡಿ. ಅಡ್ಡಕ್ಕೆ ಯೂನಿಟ್, ಉದ್ದಕ್ಕೆ ವರ್ಷ, ಮನೆಯೊಳಗೆ ಎಷ್ಟು ಅಂಕಕ್ಕೆ ಏನು ಕೇಳಿದ್ದಾರೆ ಅಂತ. ಒಂದು ಸಂಜೆಯ ಕೆಲಸ. ಯಾವ ಯೂನಿಟ್‌ನಿಂದ ಲೆಕ್ಕ ಬರುತ್ತೆ, ಯಾವುದರಿಂದ ಬರೀ ವಿವರಣೆ ಬರುತ್ತೆ ಅನ್ನೋದು ನಿಚ್ಚಳವಾಗುತ್ತೆ. ಸಿಲಬಸ್ ಬದಲಾಗಿದ್ದರೆ ಹಳೇ ಪತ್ರಿಕೆಯಲ್ಲಿ ಈಗ ಇಲ್ಲದ ಭಾಗವನ್ನ ಮೊದಲೇ ಹೊಡೆದುಹಾಕಿ.

ಐದನೇ_ಸೆಮಿಸ್ಟರ್

ಕೋಷ್ಟಕದಲ್ಲಿ ನಾಲ್ಕು ವರ್ಷ ಬಂದು ಹೋದ ವರ್ಷ ಬರದೇ ಇರೋದು ಈ ಸಲ ಗ್ಯಾರಂಟಿ ಅಂತ ನಂಬಬಹುದಾ?

ಫೇಸರ್

ಬೇಡ. ಕೋಷ್ಟಕ ಇರೋದು ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಅಂತ ತೀರ್ಮಾನಿಸೋಕೆ, ಬಿಡೋಕೆ ಅಲ್ಲ. ಪೂರ್ತಿ ಬಿಟ್ಟ ಯೂನಿಟ್ಟೇ ಕಡ್ಡಾಯ ಪ್ರಶ್ನೆಯಲ್ಲಿ ಬಂದರೆ ದಾರಿಯೇ ಇರಲ್ಲ. ಕಷ್ಟದ ಯೂನಿಟ್‌ನಲ್ಲೂ ಕೊನೇ ಪಕ್ಷ ಚಿತ್ರ, ಮೂಲ ಸಮೀಕರಣ, ಒಂದು ನೇರ ಲೆಕ್ಕ, ಇಷ್ಟಾದರೂ ಕೈಯಲ್ಲಿರಲಿ.

ಕೋರ್‌ಲಾಸ್

ಈಗ ಟ್ರಾನ್ಸ್‌ಫಾರ್ಮರ್. ಓಪನ್ ಸರ್ಕ್ಯೂಟ್, ಶಾರ್ಟ್ ಸರ್ಕ್ಯೂಟ್ ಟೆಸ್ಟ್ ಲೆಕ್ಕ ಒಂದನ್ನ ಬುಡದಿಂದ ಮಾಡಿದರೆ ಅರ್ಧ ಯೂನಿಟ್ ಮುಗಿದ ಹಾಗೆ. ಸಂಖ್ಯೆ ಇಟ್ಟುಕೊಂಡೇ ನೋಡೋಣ.

5 ಕೆವಿಎ, 250/500 ವೋಲ್ಟ್, ಸಿಂಗಲ್ ಫೇಸ್. ಓಪನ್ ಸರ್ಕ್ಯೂಟ್ ಟೆಸ್ಟ್ ಎಲ್‌ವಿ ಕಡೆ: 250 ವೋಲ್ಟ್, 0.8 ಆಂಪಿಯರ್, 80 ವ್ಯಾಟ್. ಶಾರ್ಟ್ ಸರ್ಕ್ಯೂಟ್ ಟೆಸ್ಟ್, ಎಲ್‌ವಿ ಶಾರ್ಟ್ ಮಾಡಿ ಎಚ್‌ವಿ ಕಡೆ: 20 ವೋಲ್ಟ್, 10 ಆಂಪಿಯರ್, 120 ವ್ಯಾಟ್.

ಪೆನ್ನು ಎತ್ತುವ ಮೊದಲು ಫುಲ್ ಲೋಡ್ ಕರೆಂಟ್ ನೋಡಿ. ಎಚ್‌ವಿ ಕಡೆ 5000 ÷ 500 = 10 ಆಂಪಿಯರ್, ಎಲ್‌ವಿ ಕಡೆ 20. ಶಾರ್ಟ್ ಸರ್ಕ್ಯೂಟ್ ಟೆಸ್ಟ್ 10 ಆಂಪಿಯರ್‌ನಲ್ಲೇ ನಡೆದಿದೆ, ಹಾಗಾಗಿ 120 ವ್ಯಾಟ್ ಫುಲ್ ಲೋಡ್ ಕಾಪರ್ ಲಾಸ್. ಟೆಸ್ಟ್ 8 ಆಂಪಿಯರ್‌ನಲ್ಲಿ ನಡೆದಿದ್ದರೆ ಕರೆಂಟಿನ ವರ್ಗದ ಅನುಪಾತದಲ್ಲಿ ಏರಿಸಬೇಕಿತ್ತು. ಈ ಒಂದು ಸಾಲು ನೋಡದೆ ಮುಂದೆ ಹೋಗಿ ಎಫಿಶಿಯೆನ್ಸಿ ತಪ್ಪಾಗೋದು ತುಂಬಾ ಸಾಮಾನ್ಯ.

ಓಪನ್ ಸರ್ಕ್ಯೂಟ್: ಪವರ್ ಫ್ಯಾಕ್ಟರ್ 80 ÷ 200 = 0.4. ಕೋರ್ ಲಾಸ್ ಕರೆಂಟ್ 0.32, ಮ್ಯಾಗ್ನೆಟೈಸಿಂಗ್ ಕರೆಂಟ್ 0.733 ಆಂಪಿಯರ್. ಹಾಗಾದರೆ ಶಂಟ್ ಭಾಗದ ರೆಸಿಸ್ಟೆನ್ಸ್ 781 ಓಮ್, ರಿಯಾಕ್ಟೆನ್ಸ್ 341 ಓಮ್. ಇವೆರಡೂ ಎಲ್‌ವಿ ಕಡೆಯವು.

ಶಾರ್ಟ್ ಸರ್ಕ್ಯೂಟ್: ಇಂಪಿಡೆನ್ಸ್ 20 ÷ 10 = 2 ಓಮ್, ರೆಸಿಸ್ಟೆನ್ಸ್ 120 ÷ 100 = 1.2 ಓಮ್, ರಿಯಾಕ್ಟೆನ್ಸ್ √(4 − 1.44) = 1.6 ಓಮ್. ಇವು ಎಚ್‌ವಿ ಕಡೆಯವು. ಒಂದೇ ಸರ್ಕ್ಯೂಟ್‌ನಲ್ಲಿ 781 ಓಮ್ ಪಕ್ಕ 1.2 ಓಮ್ ಬರೆದುಬಿಟ್ಟರೆ ಚಿತ್ರವೇ ತಪ್ಪು. ಎಲ್‌ವಿ ಕಡೆಗೆ ತರಬೇಕಾದರೆ ಟರ್ನ್ಸ್ ಅನುಪಾತ 2ರ ವರ್ಗ 4ರಿಂದ ಭಾಗಿಸಿ: 0.3 ಓಮ್, 0.4 ಓಮ್. ಗುಣಿಸಬೇಕೋ ಭಾಗಿಸಬೇಕೋ ಗೊಂದಲವಾದರೆ ಇಷ್ಟು ನೆನಪಿಡಿ: ಕಡಿಮೆ ವೋಲ್ಟೇಜಿನ ಕಡೆ ಕರೆಂಟ್ ಜಾಸ್ತಿ, ಲಾಸ್ ಅಷ್ಟೇ ಇರಬೇಕು, ಹಾಗಾಗಿ ರೆಸಿಸ್ಟೆನ್ಸ್ ಚಿಕ್ಕದಾಗಲೇಬೇಕು. ತಾಳೆ ನೋಡಿ: 20 ಆಂಪಿಯರ್ ವರ್ಗ × 0.3 = 120 ವ್ಯಾಟ್. ಸರಿಹೋಯ್ತು.

0.8 ಪವರ್ ಫ್ಯಾಕ್ಟರ್‌ನಲ್ಲಿ ಫುಲ್ ಲೋಡ್ ಎಫಿಶಿಯೆನ್ಸಿ 4000 ÷ 4200 = 95.24%. ಅರ್ಧ ಲೋಡ್‌ಗೆ ಕಾಪರ್ ಲಾಸ್ 30 ವ್ಯಾಟ್ ಆಗುತ್ತೆ, 60 ಅಲ್ಲ. 2000 ÷ 2110 = 94.79%. ಗರಿಷ್ಠ ಎಫಿಶಿಯೆನ್ಸಿ ಬರೋ ಲೋಡ್ √(80 ÷ 120) = 0.816 ಪಟ್ಟು, ಅಂದರೆ 4.08 ಕೆವಿಎ. ಇಲ್ಲಿ ವರ್ಗಮೂಲ ಮರೆತು 0.667 ಅಂತ ಬರೆಯೋರು ತುಂಬಾ ಜನ.

ರೆಗ್ಯುಲೇಶನ್ (ಲೋಡ್ ಹಾಕಿದಾಗ ವೋಲ್ಟೇಜ್ ಶೇಕಡಾ ಎಷ್ಟು ಇಳಿಯುತ್ತೆ ಅನ್ನೋದು), 0.8 ಲ್ಯಾಗಿಂಗ್: 10 × (1.2 × 0.8 + 1.6 × 0.6) = 19.2 ವೋಲ್ಟ್, 500ಕ್ಕೆ 3.84%. ಅದೇ 0.8 ಲೀಡಿಂಗ್‌ಗೆ ನಡುವಿನ ಪ್ಲಸ್ ಮೈನಸ್ ಆಗುತ್ತೆ: 0.96 − 0.96 = 0. ಇಲ್ಲಿ ಸೊನ್ನೆ ಬಂದದ್ದು ತಪ್ಪಲ್ಲ. ರೆಸಿಸ್ಟೆನ್ಸ್‌ಗೂ ರಿಯಾಕ್ಟೆನ್ಸ್‌ಗೂ ಇರೋ ಅನುಪಾತ 0.75, ಲೀಡಿಂಗ್ ಕೋನದ ಟ್ಯಾನ್ ಬೆಲೆಯೂ 0.75. ಇವೆರಡು ಸಮವಾದಾಗ ಈ ಸೂತ್ರದ ಪ್ರಕಾರ ರೆಗ್ಯುಲೇಶನ್ ಸೊನ್ನೆ. "ಯಾವ ಪವರ್ ಫ್ಯಾಕ್ಟರ್‌ಗೆ ರೆಗ್ಯುಲೇಶನ್ ಸೊನ್ನೆ?" ಅಂತ ಕೇಳಿದರೂ ಇದೇ ಉತ್ತರ.

ಐದನೇ_ಸೆಮಿಸ್ಟರ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ಸರ್. ಒಂದು ಸಂದೇಹ. ಓಪನ್ ಸರ್ಕ್ಯೂಟ್ ಎಲ್‌ವಿ ಕಡೆ, ಶಾರ್ಟ್ ಸರ್ಕ್ಯೂಟ್ ಎಚ್‌ವಿ ಕಡೆ, ಇದು ನಿಯಮವಾ? ವೈವಾದಲ್ಲೂ ಕೇಳ್ತಾರೆ.

ಕೋರ್‌ಲಾಸ್

ನಿಯಮ ಅಲ್ಲ, ಅನುಕೂಲ. ಓಪನ್ ಸರ್ಕ್ಯೂಟ್‌ಗೆ ರೇಟೆಡ್ ವೋಲ್ಟೇಜ್ ಕೊಡಲೇಬೇಕು, ಅದು ಎಲ್‌ವಿ ಕಡೆ ಸುಲಭವಾಗಿ ಸಿಗುತ್ತೆ, ಅಪಾಯವೂ ಕಡಿಮೆ. ನೋ ಲೋಡ್ ಕರೆಂಟ್ ಹೇಗೂ ಚಿಕ್ಕದು, ಎಲ್‌ವಿ ಕಡೆ ಅದು ಅಳೆಯೋಕೆ ಸಿಗುವಷ್ಟು ದೊಡ್ಡದಿರುತ್ತೆ. ಶಾರ್ಟ್ ಸರ್ಕ್ಯೂಟ್‌ಗೆ ರೇಟೆಡ್ ಕರೆಂಟ್ ಹರಿಸಬೇಕು, ಎಚ್‌ವಿ ಕಡೆ ಅದು ಕಡಿಮೆ. ಓಪನ್ ಟೆಸ್ಟ್‌ನ ವ್ಯಾಟ್‌ಮೀಟರ್ ಲೋ ಪವರ್ ಫ್ಯಾಕ್ಟರ್ ಮಾದರಿಯದಾಗಿರಬೇಕು ಅನ್ನೋದನ್ನೂ ಸೇರಿಸಿ ಹೇಳಿ. ಪ್ರಶ್ನೆಯಲ್ಲಿ ಬೇರೆ ಕಡೆ ಟೆಸ್ಟ್ ಮಾಡಿದ ಅಂಕಿ ಕೊಟ್ಟಿದ್ದರೆ ಕೊಟ್ಟ ಕಡೆಯನ್ನೇ ಹಿಡಿಯಿರಿ, ಅಭ್ಯಾಸಬಲದಿಂದ ಬದಲಾಯಿಸಬೇಡಿ.

ನೋಡ್_ಮೆಶ್

ಸರ್ಕ್ಯೂಟ್ ಥಿಯರಿಯಲ್ಲಿ ಅಂಕ ನುಂಗೋದು ಡಿಪೆಂಡೆಂಟ್ ಸೋರ್ಸ್ ಇರುವ ಥೆವೆನಿನ್ ಲೆಕ್ಕ, ಅಂದರೆ ಇಡೀ ಸರ್ಕ್ಯೂಟನ್ನ ಒಂದು ವೋಲ್ಟೇಜ್ ಸೋರ್ಸ್, ಒಂದು ಸೀರೀಸ್ ರೆಸಿಸ್ಟೆನ್ಸ್‌ಗೆ ಇಳಿಸೋದು. ಚಿಕ್ಕದೊಂದು ನೋಡಿ.

12 ವೋಲ್ಟ್ ಸೋರ್ಸ್, ಅದರ ಜೊತೆ ಸೀರೀಸ್‌ನಲ್ಲಿ 4 ಓಮ್, ಅಲ್ಲಿಂದ ಎ ನೋಡ್. ಎ ನೋಡ್‌ನಿಂದ ಗ್ರೌಂಡಿಗೆ 6 ಓಮ್. 4 ಓಮ್‌ನಲ್ಲಿ ಎ ಕಡೆಗೆ ಹರಿಯೋ ಕರೆಂಟ್ ಐಎಕ್ಸ್. ಅಷ್ಟೇ ಬೆಲೆಯ ಡಿಪೆಂಡೆಂಟ್ ಕರೆಂಟ್ ಸೋರ್ಸ್ ಒಂದು ಗ್ರೌಂಡಿನಿಂದ ಎ ನೋಡ್‌ಗೆ ಕರೆಂಟ್ ಹಾಕುತ್ತೆ.

ಓಪನ್ ಸರ್ಕ್ಯೂಟ್ ವೋಲ್ಟೇಜ್ ವಿ ಅಂದುಕೊಳ್ಳಿ. ನೋಡ್‌ಗೆ ಬರೋದು 2ಐಎಕ್ಸ್, ಹೋಗೋದು ವಿ/6. ಐಎಕ್ಸ್ = (12 − ವಿ)/4. ಹಾಗಾಗಿ 2(12 − ವಿ)/4 = ವಿ/6, ವಿ = 9 ವೋಲ್ಟ್. ಎ ನೋಡನ್ನು ಗ್ರೌಂಡಿಗೆ ಶಾರ್ಟ್ ಮಾಡಿದರೆ ಐಎಕ್ಸ್ = 3 ಆಂಪಿಯರ್, ಶಾರ್ಟ್ ಕರೆಂಟ್ 6 ಆಂಪಿಯರ್. ಥೆವೆನಿನ್ ರೆಸಿಸ್ಟೆನ್ಸ್ 9 ÷ 6 = 1.5 ಓಮ್.

ಡಿಪೆಂಡೆಂಟ್ ಸೋರ್ಸನ್ನೂ ತೆಗೆದುಹಾಕಿ 4 ಮತ್ತು 6 ಓಮ್ ಪ್ಯಾರಲಲ್ ಮಾಡಿದರೆ 2.4 ಓಮ್ ಬರುತ್ತೆ. ನೋಡೋಕೆ ಸರಿಯಾಗೇ ಕಾಣುತ್ತೆ, ಆದರೆ ತಪ್ಪು. ಸೊನ್ನೆ ಮಾಡಬೇಕಾದ್ದು ಇಂಡಿಪೆಂಡೆಂಟ್ ಸೋರ್ಸ್ ಮಾತ್ರ. ತಾಳೆಗೆ ಇನ್ನೊಂದು ದಾರಿ: 12 ವೋಲ್ಟ್ ಸೊನ್ನೆ ಮಾಡಿ ಎ ನೋಡ್‌ಗೆ ಹೊರಗಿಂದ 1 ಆಂಪಿಯರ್ ಹಾಕಿ. ಐಎಕ್ಸ್ = −ವಿ/4, ಹಾಗಾಗಿ 1 − 2ವಿ/4 = ವಿ/6, ವಿ = 1.5. ಎರಡು ದಾರಿಯಲ್ಲೂ 1.5 ಬಂತು ಅಂದರೆ ಇನ್ನು ಚಿಂತೆ ಬೇಡ. ಇಂಡಿಪೆಂಡೆಂಟ್ ಸೋರ್ಸೇ ಇಲ್ಲದ ಸರ್ಕ್ಯೂಟ್ ಕೊಟ್ಟರೆ ಓಪನ್ ವೋಲ್ಟೇಜೂ ಸೊನ್ನೆ, ಶಾರ್ಟ್ ಕರೆಂಟೂ ಸೊನ್ನೆ. ಅಲ್ಲಿ 1 ಆಂಪಿಯರ್ ದಾರಿ ಹಿಡಿಯಲೇಬೇಕು.

ಟ್ರಾನ್ಸಿಯೆಂಟ್ ಲೆಕ್ಕದಲ್ಲಿ ಮೂರು ಚಿತ್ರ ಬರೆಯಿರಿ: ಸ್ವಿಚ್ ಒತ್ತುವ ಮುಂಚೆ, ಒತ್ತಿದ ಕ್ಷಣ, ತುಂಬಾ ಹೊತ್ತಾದ ಮೇಲೆ. ಇಂಡಕ್ಟರ್ ಕರೆಂಟ್, ಕೆಪಾಸಿಟರ್ ವೋಲ್ಟೇಜ್ ಇವೆರಡೇ ಹಾರಲ್ಲ, ಬಾಕಿ ಎಲ್ಲಾ ಹಾರಬಹುದು. ಟೈಮ್ ಕಾನ್‌ಸ್ಟೆಂಟ್‌ಗೆ ಬೇಕಾದ ರೆಸಿಸ್ಟೆನ್ಸ್ ಸ್ವಿಚ್ ಬದಲಾದ ಮೇಲಿನ ಸರ್ಕ್ಯೂಟ್‌ನದು, ಮುಂಚಿನದಲ್ಲ.

ಪೋಲ್_ಝೀರೊ

ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಒಂದೇ ಸಿಸ್ಟಮ್ ತಗೊಂಡು ರೌತ್, ರೂಟ್ ಲೋಕಸ್, ಬೋಡೆ (ಸಿಸ್ಟಮ್ ಸ್ಟೇಬಲ್ ಆಗಿದೆಯಾ ಅಂತ ನೋಡೋ ಮೂರು ದಾರಿ) ಮೂರನ್ನೂ ಮಾಡಿ. ಮೂರೂ ಬೇರೆ ಬೇರೆ ಅಧ್ಯಾಯ ಅಂದುಕೊಂಡು ಓದೋದರಿಂದಲೇ ಕಷ್ಟವಾಗೋದು.

ಕೆ/((ಎಸ್+1)(ಎಸ್+2)(ಎಸ್+3)), ಯೂನಿಟಿ ಫೀಡ್‌ಬ್ಯಾಕ್. ಕ್ಯಾರೆಕ್ಟರಿಸ್ಟಿಕ್ ಸಮೀಕರಣ ಎಸ್³ + 6ಎಸ್² + 11ಎಸ್ + 6 + ಕೆ = 0. ರೌತ್ ಕೋಷ್ಟಕದ ಮೂರನೇ ಸಾಲು (60 − ಕೆ)/6. ಹಾಗಾಗಿ ಸಿಸ್ಟಮ್ ಸ್ಟೇಬಲ್ ಆಗಿರೋಕೆ ಕೆ 60ಕ್ಕಿಂತ ಕಡಿಮೆ ಇರಬೇಕು. ಕೆ = 60 ಆದಾಗ ಆ ಸಾಲು ಪೂರ್ತಿ ಸೊನ್ನೆ; ಮೇಲಿನ ಸಾಲಿನಿಂದ 6ಎಸ್² + 66 = 0, ಎಸ್ = ±ಜೆ3.317.

ರೂಟ್ ಲೋಕಸ್: ಸೆಂಟ್ರಾಯ್ಡ್ −2, ಅಸಿಂಪ್ಟೋಟ್ 60, 180, 300 ಡಿಗ್ರಿ. ಬ್ರೇಕ್‌ಅವೇಗೆ 3ಎಸ್² + 12ಎಸ್ + 11 = 0, ಬೇರುಗಳು −1.423 ಮತ್ತು −2.577. ಎರಡನೆಯದನ್ನ ಬಿಡಬೇಕು, ಯಾಕೆಂದರೆ −2 ಮತ್ತು −3ರ ನಡುವೆ ಲೋಕಸ್ ಇಲ್ಲ: ಆ ಬಿಂದುವಿನ ಬಲಕ್ಕೆ ಇರೋ ಪೋಲ್ ಎರಡು, ಬೆಸ ಸಂಖ್ಯೆ ಅಲ್ಲ. "ಬಿಟ್ಟಿದ್ದೇನೆ" ಅಂತ ಮಾತ್ರ ಬರೆಯಬೇಡಿ, ಕಾರಣ ಬರೆಯಿರಿ. ಊಹಾ ಅಕ್ಷ ದಾಟೋ ಜಾಗ ರೌತ್‌ನಿಂದ ಬಂದ 3.317.

ಈಗ ಬೋಡೆ, ಕೆ = 6 ಇಟ್ಟು. ಆವರ್ತನ 3.317ರಲ್ಲಿ ಫೇಸ್: 73.2 + 58.9 + 47.9 = 180 ಡಿಗ್ರಿ. ಮ್ಯಾಗ್ನಿಟ್ಯೂಡ್‌ನ ಛೇದ √12 × √15 × √20 = √3600 = 60. ಗೇನ್ 6/60 = 0.1, ಅಂದರೆ −20 ಡಿಬಿ, ಗೇನ್ ಮಾರ್ಜಿನ್ 20 ಡಿಬಿ. ರೌತ್ ಹೇಳಿದ್ದೂ ಅದೇ: 60ರ ಮಿತಿಗೆ 6 ಇಟ್ಟಿದ್ದೀರಿ, ಹತ್ತು ಪಟ್ಟು ಅಂತರ, 20 ಡಿಬಿ. ಒಂದು ಅಧ್ಯಾಯ ಇನ್ನೊಂದರ ಉತ್ತರವನ್ನ ತಾಳೆ ನೋಡಿಕೊಡುತ್ತೆ. ಇದಕ್ಕಿಂತ ಚೆಂದದ ವಿಷಯ ಈ ಪೇಪರ್‌ನಲ್ಲಿ ಇನ್ನೊಂದಿಲ್ಲ.

ಎಡವೋ ಜಾಗ ಎರಡು. ಟೈಮ್ ಕಾನ್‌ಸ್ಟೆಂಟ್ ರೂಪಕ್ಕೆ ತರದೆ ಬೋಡೆ ಶುರು ಮಾಡೋದು: ಇಲ್ಲಿ ಶುರುವಿನ ಗೇನ್ 6/6 = 1, ಗೆರೆ 0 ಡಿಬಿಯಿಂದ ಹೊರಡಬೇಕು; ಹಾಗೇ 6 ಇಟ್ಟರೆ 15.6 ಡಿಬಿಯಿಂದ ಹೊರಟು ಇಡೀ ಚಿತ್ರ ಮೇಲಕ್ಕೆ ಹೋಗುತ್ತೆ. ಇನ್ನೊಂದು, ಸರಳರೇಖೆ ಚಿತ್ರವನ್ನೇ ಪೂರ್ತಿ ನಂಬೋದು. ಈ ಸಿಸ್ಟಮ್‌ನ ಕಾರ್ನರ್‌ಗಳು 1, 2, 3 ಒತ್ತೊತ್ತಾಗಿವೆ. ಅದೇ 3.317ರಲ್ಲಿ ಸರಳರೇಖೆ ತೋರಿಸೋದು −15.7 ಡಿಬಿ, ನಿಜವಾದದ್ದು −20. ಪ್ರಶ್ನೆಯಲ್ಲಿ ಅಸಿಂಪ್ಟೋಟಿಕ್ ಅಂತ ಕೇಳಿದ್ದರೆ ಹಾಗೆಂದೇ ಚಿತ್ರದ ಮೇಲೆ ಬರೆಯಿರಿ, ಇಲ್ಲದಿದ್ದರೆ ತಿದ್ದುಪಡಿ ಹಾಕಿ.

ಐದನೇ_ಸೆಮಿಸ್ಟರ್

ರೌತ್ ಕೋಷ್ಟಕದಲ್ಲಿ ಮೊದಲ ಕಾಲಮ್ ಮಾತ್ರ ಸೊನ್ನೆಯಾಗೋದು, ಸಾಲು ಪೂರ್ತಿ ಸೊನ್ನೆಯಾಗೋದು, ಇವೆರಡು ಯಾವಾಗಲೂ ಕಲಸಿಹೋಗುತ್ತೆ.

ಪೋಲ್_ಝೀರೊ

ಮೊದಲ ಅಂಕಿ ಮಾತ್ರ ಸೊನ್ನೆ, ಪಕ್ಕದಲ್ಲಿ ಬೇರೆ ಅಂಕಿ ಇದೆ ಅಂದರೆ ಸೊನ್ನೆಯ ಜಾಗಕ್ಕೆ ಎಪ್ಸಿಲಾನ್ ಹಾಕಿ ಮುಂದುವರಿಸಿ, ಕೊನೆಗೆ ಅದನ್ನು ಸೊನ್ನೆಗೆ ಹತ್ತಿರ ತನ್ನಿ. ಸಾಲು ಪೂರ್ತಿ ಸೊನ್ನೆ ಅಂದರೆ ಮೇಲಿನ ಸಾಲಿನಿಂದ ಆಕ್ಸಿಲರಿ ಪಾಲಿನಾಮಿಯಲ್ ಬರೆದು, ಅದರ ಡೆರಿವೇಟಿವ್‌ನ ಅಂಕಿಗಳನ್ನ ಸೊನ್ನೆ ಸಾಲಿಗೆ ತುಂಬಿ. ಪೂರ್ತಿ ಸೊನ್ನೆ ಬಂದರೆ ಬೇರುಗಳು ಮೂಲಬಿಂದುವಿನ ಎರಡೂ ಕಡೆ ಸಮವಾಗಿ ಕೂತಿವೆ ಅಂತ ಅರ್ಥ.

ಸ್ಲಿಪ್

ಇಂಡಕ್ಷನ್ ಮೋಟರ್‌ಗೆ ಒಂದೇ ಅನುಪಾತ ಸಾಕು. ಏರ್ ಗ್ಯಾಪ್ ಪವರ್ : ರೋಟರ್ ಕಾಪರ್ ಲಾಸ್ : ಮೆಕ್ಯಾನಿಕಲ್ ಪವರ್ = 1 : ಸ್ಲಿಪ್ : 1 − ಸ್ಲಿಪ್. ಸ್ಲಿಪ್ ಅಂದರೆ ರೋಟರ್ ಸಿಂಕ್ರೊನಸ್ ವೇಗಕ್ಕಿಂತ ಎಷ್ಟು ಪಾಲು ಹಿಂದಿದೆ ಅನ್ನೋದು. 4 ಪೋಲ್, 50 ಹರ್ಟ್ಸ್, 1440 ಆರ್‌ಪಿಎಂ ಅಂದರೆ ಸ್ಲಿಪ್ 0.04. ಏರ್ ಗ್ಯಾಪ್ ಪವರ್ 10 ಕಿಲೋವ್ಯಾಟ್ ಆದರೆ ಕಾಪರ್ ಲಾಸ್ 400 ವ್ಯಾಟ್, ಮೆಕ್ಯಾನಿಕಲ್ 9600 ವ್ಯಾಟ್. ಟಾರ್ಕ್ ಎರಡು ದಾರಿಯಲ್ಲಿ ಬರುತ್ತೆ: 10000 ÷ 157.08, ಇಲ್ಲವೇ 9600 ÷ 150.8. ಎರಡೂ 63.66 ನ್ಯೂಟನ್ ಮೀಟರ್. ಏರ್ ಗ್ಯಾಪ್ ಪವರ್‌ಗೆ ಸಿಂಕ್ರೊನಸ್ ವೇಗ, ಮೆಕ್ಯಾನಿಕಲ್‌ಗೆ ರೋಟರ್ ವೇಗ. ಅಡ್ಡಾದಿಡ್ಡಿ ಜೋಡಿಸಿದರೆ 4% ತಪ್ಪು. ಶಾಫ್ಟ್ ಟಾರ್ಕ್ ಕೇಳಿದ್ದರೆ ಮೊದಲು ಫ್ರಿಕ್ಷನ್, ವಿಂಡೇಜ್ ಲಾಸ್ ಕಳೆಯಿರಿ.

ಗರಿಷ್ಠ ಟಾರ್ಕ್ ಬರೋ ಸ್ಲಿಪ್‌ಗೆ, ಸ್ಟೇಟರ್ ಇಂಪಿಡೆನ್ಸ್ ಬಿಟ್ಟ ಲೆಕ್ಕದಲ್ಲಿ, ರೋಟರ್ ರೆಸಿಸ್ಟೆನ್ಸ್ ÷ ನಿಂತಾಗಿನ ರಿಯಾಕ್ಟೆನ್ಸ್. 0.04 ಮತ್ತು 0.2 ಓಮ್ ಕೊಟ್ಟರೆ ಸ್ಲಿಪ್ 0.2, ವೇಗ 1200. ರೆಸಿಸ್ಟೆನ್ಸ್ ಹೆಚ್ಚಿಸಿದರೆ ಆ ಬಿಂದು ಜಾಗ ಬದಲಿಸುತ್ತೆ, ಗರಿಷ್ಠ ಟಾರ್ಕ್‌ನ ಬೆಲೆ ಬದಲಾಗಲ್ಲ. ಗ್ರಾಫ್ ಬರೆಯುವಾಗ ಎರಡು ಗೆರೆಯ ಶಿಖರವೂ ಒಂದೇ ಎತ್ತರ ಇರಲಿ, ಅದನ್ನೇ ಮೊದಲು ನೋಡ್ತಾರೆ.

ಸ್ಲಿಪ್ ಅನ್ನು ರೌಂಡ್ ಮಾಡಬೇಡಿ. 1462 ಆರ್‌ಪಿಎಂಗೆ ಸ್ಲಿಪ್ 0.02533. ಅದನ್ನ 0.03 ಅಂತ ಬರೆದರೆ ರೋಟರ್ ಲಾಸ್ 18% ಹೆಚ್ಚಾಗಿ ಬರುತ್ತೆ. ನಡುವಿನ ಸಾಲುಗಳಲ್ಲಿ ನಾಲ್ಕು ಅಂಕಿ ಇರಲಿ, ಕೊನೇ ಉತ್ತರಕ್ಕೆ ಮೂರು ಸಾಕು.

ಬೇಸ್_ಎಂವಿಎ

ಪವರ್ ಸಿಸ್ಟಮ್ಸ್‌ನಲ್ಲಿ ಪರ್ ಯೂನಿಟ್, ಅಂದರೆ ಪ್ರತಿ ಬೆಲೆಯನ್ನೂ ಆರಿಸಿಕೊಂಡ ಬೇಸ್‌ನ ಎಷ್ಟು ಪಾಲು ಅಂತ ಬರೆಯೋದು. ಜನರೇಟರ್ 25 ಎಂವಿಎ, 11 ಕೆವಿ, ರಿಯಾಕ್ಟೆನ್ಸ್ 0.15 ಪರ್ ಯೂನಿಟ್. ಟ್ರಾನ್ಸ್‌ಫಾರ್ಮರ್ 40 ಎಂವಿಎ, 11/132 ಕೆವಿ, ರಿಯಾಕ್ಟೆನ್ಸ್ 0.10 ಪರ್ ಯೂನಿಟ್. ಲೈನ್ 34.85 ಓಮ್. ಲೈನಿನ ಕೊನೆಯಲ್ಲಿ ಮೂರು ಫೇಸ್ ಫಾಲ್ಟ್. ಬೇಸ್ 100 ಎಂವಿಎ.

ಜನರೇಟರ್ 0.15 × 100/25 = 0.6. ಟ್ರಾನ್ಸ್‌ಫಾರ್ಮರ್ 0.10 × 100/40 = 0.25. ಲೈನ್ ಇರೋದು 132 ಕೆವಿ ಕಡೆ, ಅಲ್ಲಿನ ಬೇಸ್ ಇಂಪಿಡೆನ್ಸ್ 132² ÷ 100 = 174.24 ಓಮ್, ಹಾಗಾಗಿ 0.2. ಒಟ್ಟು 1.05. ಫಾಲ್ಟ್ ಮುಂಚಿನ ವೋಲ್ಟೇಜ್ 1 ಅಂದರೆ ಕರೆಂಟ್ 0.952 ಪರ್ ಯೂನಿಟ್. 132 ಕೆವಿ ಕಡೆಯ ಬೇಸ್ ಕರೆಂಟ್ 437.4 ಆಂಪಿಯರ್, ಫಾಲ್ಟ್ ಕರೆಂಟ್ ಸುಮಾರು 417 ಆಂಪಿಯರ್.

ಲೈನಿಗೆ 11 ಕೆವಿ ಬೇಸ್ ಹಾಕಿದರೆ ಬೇಸ್ ಇಂಪಿಡೆನ್ಸ್ 1.21 ಓಮ್, ಲೈನ್ 28.8 ಪರ್ ಯೂನಿಟ್ ಆಗಿಬಿಡುತ್ತೆ. ಇಂಥ ಅಂಕಿ ಕಂಡ ಕೂಡಲೇ ಕೈ ನಿಲ್ಲಿಸಿ. ಚಿತ್ರದಲ್ಲಿ ಟ್ರಾನ್ಸ್‌ಫಾರ್ಮರ್ ಬಂದ ಕಡೆಯೆಲ್ಲ ಒಂದು ಚುಕ್ಕೆ ಗೆರೆ ಎಳೆದು, ಪ್ರತಿ ವಲಯದ ಬೇಸ್ ಕೆವಿಯನ್ನ ಮೇಲೆ ಬರೆದುಕೊಂಡರೆ ಈ ತಪ್ಪು ಆಗೋದೇ ಇಲ್ಲ. ಎಂವಿಎ ಬೇಸ್ ಎಲ್ಲ ವಲಯಕ್ಕೂ ಒಂದೇ, ಕೆವಿ ಬೇಸ್ ಮಾತ್ರ ಟ್ರಾನ್ಸ್‌ಫಾರ್ಮರ್ ಅನುಪಾತದಲ್ಲಿ ಬದಲಾಗುತ್ತೆ. ಯಂತ್ರದ ರೇಟೆಡ್ ಕೆವಿಯೂ ವಲಯದ ಬೇಸ್ ಕೆವಿಯೂ ಬೇರೆ ಇದ್ದರೆ ಅವುಗಳ ಅನುಪಾತದ ವರ್ಗವನ್ನೂ ಗುಣಿಸಬೇಕು: ಹಳೆಯದು ಮೇಲೆ, ಹೊಸದು ಕೆಳಗೆ.

ಥೈರಿಸ್ಟರ್

ಪವರ್ ಎಲೆಕ್ಟ್ರಾನಿಕ್ಸ್‌ಗೆ ಚಿಕ್ಕದಾಗಿ. ಸೂತ್ರ ಬಾಯಿಪಾಠ ಮಾಡಿ ಹೋದರೆ ಈ ಪೇಪರ್ ಕೈ ಕೊಡುತ್ತೆ. ಸಿಂಗಲ್ ಫೇಸ್ ಫುಲ್ ಕಂಟ್ರೋಲ್ಡ್ ಬ್ರಿಡ್ಜ್, 230 ವೋಲ್ಟ್, ಫೈರಿಂಗ್ ಕೋನ (ಥೈರಿಸ್ಟರನ್ನ ಆನ್ ಮಾಡೋ ಕೋನ) 60 ಡಿಗ್ರಿ. ದೊಡ್ಡ ಇಂಡಕ್ಟರ್ ಇದ್ದು ಕರೆಂಟ್ ನಿಲ್ಲದೆ ಹರಿದರೆ ಸರಾಸರಿ 103.5 ವೋಲ್ಟ್. ಅದೇ ಬ್ರಿಡ್ಜ್‌ಗೆ ಬರೀ ರೆಸಿಸ್ಟರ್ ಹಾಕಿದರೆ 155.3 ವೋಲ್ಟ್. ರೆಸಿಸ್ಟರ್ ಲೋಡ್‌ನಲ್ಲಿ 180 ಡಿಗ್ರಿಗೇ ಕರೆಂಟ್ ಸೊನ್ನೆಯಾಗಿ ಥೈರಿಸ್ಟರ್ ಆಫ್ ಆಗುತ್ತೆ, ವೋಲ್ಟೇಜ್ ಸೊನ್ನೆಗಿಂತ ಕೆಳಗಿಳಿಯೋ ಭಾಗವೇ ಬರಲ್ಲ. "ಫುಲ್ ಕಂಟ್ರೋಲ್ಡ್" ಅನ್ನೋ ಪದ ನೋಡಿದ ಕೂಡಲೇ ಮೊದಲ ಸೂತ್ರ ಹಾಕೋರಿಗೆ ಇಲ್ಲೇ ಅಂಕ ಹೋಗೋದು.

ಹಾಗಾಗಿ ಮೊದಲು ವೇವ್‌ಫಾರ್ಮ್. ಒಂದರ ಕೆಳಗೊಂದು, ಒಂದೇ ಸಮಯದ ಅಕ್ಷಕ್ಕೆ: ಸಪ್ಲೈ, ಗೇಟ್ ಪಲ್ಸ್, ಲೋಡ್ ವೋಲ್ಟೇಜ್, ಲೋಡ್ ಕರೆಂಟ್, ಒಂದು ಥೈರಿಸ್ಟರ್‌ನ ವೋಲ್ಟೇಜ್. ಫೈರಿಂಗ್ ಕೋನದಲ್ಲಿ ಚುಕ್ಕೆ ಗೆರೆಯನ್ನ ಮೇಲಿಂದ ಕೆಳಗಿನ ತನಕ ಎಳೆಯಿರಿ. ಇಂಟಿಗ್ರೇಶನ್ ಮಿತಿಗಳು ಆ ಚಿತ್ರದಿಂದಲೇ ಬರುತ್ತವೆ.

ನೋಡ್_ಮೆಶ್

ಥೈರಿಸ್ಟರ್ ಹೇಳಿದ್ದು ಒಪ್ತೀನಿ, ಆದರೆ ಬಾಯಿಪಾಠ ಬೇಡವೇ ಬೇಡ ಅನ್ನೋದನ್ನ ಒಪ್ಪಲ್ಲ. ಲಾಪ್ಲಾಸ್ ಜೋಡಿಗಳು, ಟೂ ಪೋರ್ಟ್ ಪ್ಯಾರಾಮೀಟರ್‌ಗಳ ವ್ಯಾಖ್ಯೆ ಇವನ್ನ ಪರೀಕ್ಷಾ ಕೊಠಡಿಯಲ್ಲಿ ಹುಟ್ಟಿಸೋಕೆ ಹೋದರೆ ಹೊತ್ತು ಸಾಲಲ್ಲ. ಹುಟ್ಟುವ ದಾರಿ ಒಮ್ಮೆ ಗೊತ್ತಿರಲಿ, ಆಮೇಲೆ ನಾಲಿಗೆ ತುದಿಯಲ್ಲೂ ಇರಲಿ.

ಥೈರಿಸ್ಟರ್

ಸರಿ, ಅದು ನ್ಯಾಯವಾದ ಮಾತು. ನಾನು ಹೇಳಿದ್ದು ಲೋಡ್ ಬದಲಾದರೆ ಬದಲಾಗೋ ಸೂತ್ರಗಳ ಬಗ್ಗೆ. ಅಂಥವನ್ನ ಬರೆದುಕೊಳ್ಳುವಾಗ ಪಕ್ಕದಲ್ಲೇ ಷರತ್ತನ್ನೂ ಬರೆಯಿರಿ: "ಕರೆಂಟ್ ನಿಲ್ಲದಿದ್ದರೆ ಮಾತ್ರ".

ಕೆಂಪು_ಪೆನ್ನು

ಉತ್ತರಪತ್ರಿಕೆ ತಿದ್ದೋ ಕಡೆಯಿಂದ ಕೆಲವು ಮಾತು. ಲೆಕ್ಕಕ್ಕೆ ಅಂಕ ಹಂಚಿರೋದು ಹಂತ ಹಂತವಾಗಿ: ಚಿತ್ರ, ಸೂತ್ರ, ಬೆಲೆ ಹಾಕಿದ್ದು, ಉತ್ತರ, ಯೂನಿಟ್. ಕ್ಯಾಲ್ಕ್ಯುಲೇಟರ್‌ನಲ್ಲೇ ಎಲ್ಲ ಮುಗಿಸಿ ಉತ್ತರ ಮಾತ್ರ ಬರೆದಿದ್ದರೆ, ಅದು ತಪ್ಪಾದಾಗ ಕೊಡೋಕೆ ಏನೂ ಉಳಿಯಲ್ಲ. ಸೂತ್ರ ಒಂದು ಸಾಲು, ಬೆಲೆ ಹಾಕಿದ್ದು ಇನ್ನೊಂದು ಸಾಲು, ಇಷ್ಟು ಕಡ್ಡಾಯ.

ಮೊದಲ ಭಾಗ ಬರಲಿಲ್ಲ, ಎರಡನೇ ಭಾಗಕ್ಕೆ ಅದರ ಉತ್ತರ ಬೇಕು ಅಂದರೆ ಪ್ರಶ್ನೆ ಬಿಡಬೇಡಿ. "ರೆಸಿಸ್ಟೆನ್ಸ್ 1 ಓಮ್ ಎಂದು ಇಟ್ಟುಕೊಂಡು" ಅಂತ ಸ್ಪಷ್ಟವಾಗಿ ಬರೆದು ಮುಂದುವರಿಸಿ. ವಿಧಾನಕ್ಕೆ ಸಾಮಾನ್ಯವಾಗಿ ಅಂಕ ಸಿಗುತ್ತೆ. ಫೇಸರ್ ಚಿತ್ರದಲ್ಲಿ ರೆಫರೆನ್ಸ್ ಯಾವುದು, ಬಾಣ ಯಾವ ಕಡೆ, ಕೋನ ಎಲ್ಲಿಂದ ಎಲ್ಲಿಗೆ ಅಂತ ಗುರುತಿರಲಿ. ಗ್ರಾಫ್‌ಗೆ ಸ್ಕೇಲ್ ಬರೆಯದೆ ಇದ್ದರೆ ಒಳ್ಳೆಯ ಬೋಡೆ ಚಿತ್ರಕ್ಕೂ ಪೂರ್ತಿ ಅಂಕ ಕೊಡೋಕಾಗಲ್ಲ. ಹೊಸ ಉತ್ತರ ಬರೆದು ಮುಗಿಸುವ ತನಕ ಹಳೆಯದನ್ನು ಹೊಡೆದುಹಾಕಬೇಡಿ.

ಉತ್ತರ ಅಸಂಭವ ಅಂತ ಗೊತ್ತಾಗಿ, ತಪ್ಪು ಹುಡುಕೋಕೆ ಹೊತ್ತಿಲ್ಲದಿದ್ದರೆ ಒಂದು ಸಾಲು ಬರೆಯಿರಿ: "ಎಫಿಶಿಯೆನ್ಸಿ 100% ದಾಟಿದೆ, ಲಾಸ್ ಲೆಕ್ಕದಲ್ಲಿ ದೋಷವಿದೆ". ವಿಷಯ ಗೊತ್ತು ಅನ್ನೋದು ಅದರಿಂದ ಕಾಣುತ್ತೆ.

ಹೊತ್ತಿನ ಲೆಕ್ಕ: 180 ನಿಮಿಷದಲ್ಲಿ 10 ಓದೋಕೆ, 15 ಕೊನೆಗೆ ತಾಳೆ ನೋಡೋಕೆ. ಉಳಿದ 155 ನಿಮಿಷ 100 ಅಂಕಕ್ಕೆ. 10 ಅಂಕದ ಪ್ರಶ್ನೆಗೆ 15 ನಿಮಿಷ ಅಂತ ಕೋರ್‌ಲಾಸ್ ಹೇಳಿದ್ದು ಈ ಕಾರಣಕ್ಕೇ. 20 ದಾಟಿದರೆ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ.

ಫೇಸರ್

ಕ್ಯಾಲ್ಕ್ಯುಲೇಟರ್ ಬಗ್ಗೆ ಯಾರೂ ಹೇಳಲಿಲ್ಲ. ಪರೀಕ್ಷೆಗೆ ಯಾವ ಮಾದರಿ ಬಿಡ್ತಾರೆ ಅಂತ ಈಗಲೇ ಕೇಳಿ, ಆರು ವಾರವೂ ಅದರಲ್ಲೇ ಅಭ್ಯಾಸ ಮಾಡಿ. ಕಾಂಪ್ಲೆಕ್ಸ್ ಮೋಡ್ ಇದ್ದರೆ 3 + ಜೆ4 ಹಾಕಿ ಪೋಲಾರ್‌ಗೆ ಬದಲಿಸಿ, 5, 53.13 ಡಿಗ್ರಿ ಬರಬೇಕು. ಪ್ರತಿ ಪರೀಕ್ಷೆಯ ಶುರುವಿನಲ್ಲಿ ಸೈನ್ 30 ಒತ್ತಿ ನೋಡಿ. 0.5 ಬರದೆ −0.988 ಬಂದರೆ ರೇಡಿಯನ್‌ನಲ್ಲಿದೆ. ಆದರೆ ಟ್ರಾನ್ಸಿಯೆಂಟ್ ಲೆಕ್ಕದಲ್ಲಿ ಒಮೆಗಾ ಟಿ ಬಂದರೆ ಅದು ರೇಡಿಯನ್, ಡಿಗ್ರಿ ಜೊತೆ ಕೂಡಿಸೋ ಮುಂಚೆ 57.3ರಿಂದ ಗುಣಿಸಬೇಕು. ಟ್ಯಾನ್ ಇನ್ವರ್ಸ್ ಕೋನ ಯಾವ ಕ್ವಾಡ್ರಂಟ್‌ನಲ್ಲಿದೆ ಅಂತ ನೋಡಲ್ಲ ಅನ್ನೋದೂ ನೆನಪಿರಲಿ: −3 + ಜೆ4ಕ್ಕೆ ಅದು −53.13 ತೋರಿಸುತ್ತೆ, ನಿಜವಾದ ಕೋನ 126.87.

ಐದನೇ_ಸೆಮಿಸ್ಟರ್

ಎಲ್ಲರಿಗೂ ಮನಸಾರೆ ಧನ್ಯವಾದ. ಹೇಳಿದ ರೀತಿಯಲ್ಲೇ, ಪುಸ್ತಕ ಮುಚ್ಚಿ ಒಂದು ಲೆಕ್ಕ ಮಾಡಿದ್ದೀನಿ, ದಯವಿಟ್ಟು ನೋಡಿ. ಮೂರು ಫೇಸ್ ಪವರ್ ಅಳೆಯೋ ಎರಡು ವ್ಯಾಟ್‌ಮೀಟರ್ ವಿಧಾನ, ಬ್ಯಾಲೆನ್ಸ್‌ಡ್ ಲೋಡ್. ಒಂದು 5 ಕಿಲೋವ್ಯಾಟ್, ಇನ್ನೊಂದು 1 ಕಿಲೋವ್ಯಾಟ್, ಎರಡನೆಯದನ್ನ ಕರೆಂಟ್ ಕಾಯಿಲ್ ತಿರುಗಿಸಿ ಓದಿದ್ದು. ಒಟ್ಟು 6 ಕಿಲೋವ್ಯಾಟ್, ಟ್ಯಾನ್ ಫೈ = √3 × 4/6 = 1.155, ಕೋನ 49.1 ಡಿಗ್ರಿ, ಪವರ್ ಫ್ಯಾಕ್ಟರ್ 0.655.

ಫೇಸರ್

ಹಂತಗಳೆಲ್ಲ ಸರಿ. ಪ್ರಶ್ನೆಯ ಕೊನೇ ಮೂರು ಪದ ಇನ್ನೊಮ್ಮೆ ಓದಿ. ಆಮೇಲೆ ಒಂದು ಮೀಟರ್ ಸೊನ್ನೆ ತೋರಿಸೋದು ಯಾವ ಪವರ್ ಫ್ಯಾಕ್ಟರ್‌ನಲ್ಲಿ ಅಂತ ಯೋಚಿಸಿ, ನಿಮ್ಮ ಉತ್ತರ ಅದರ ಯಾವ ಕಡೆ ಇರಬೇಕು ಅಂತ ನೋಡಿ.

ಐದನೇ_ಸೆಮಿಸ್ಟರ್

ಸಿಕ್ಕಿತು ಸರ್. ಕಾಯಿಲ್ ತಿರುಗಿಸಿ ಓದಿದ್ದರಿಂದ ಎರಡನೆಯದು −1. ಒಟ್ಟು 4 ಕಿಲೋವ್ಯಾಟ್, ಟ್ಯಾನ್ ಫೈ = √3 × 6/4 = 2.598, ಕೋನ 68.95 ಡಿಗ್ರಿ, ಪವರ್ ಫ್ಯಾಕ್ಟರ್ 0.359. ಮೀಟರ್ ಸೊನ್ನೆಯಾಗೋದು 0.5ರಲ್ಲಿ, ನೆಗೆಟಿವ್ ಆಗಬೇಕಾದರೆ ಅದಕ್ಕಿಂತ ಕಡಿಮೆ ಇರಲೇಬೇಕು, ಹಾಗಾಗಿ 0.655 ಬಂದಾಗಲೇ ಅನುಮಾನ ಬರಬೇಕಿತ್ತು. ಎರಡನೇ ದಾರಿಯಲ್ಲೂ ನೋಡಿದೆ: ಕಾಸ್(30 − 68.95) = 0.778, ಕಾಸ್(30 + 68.95) = −0.156, ಅನುಪಾತ −5. ಕೊಟ್ಟಿದ್ದು 5 ಮತ್ತು −1, ತಾಳೆಯಾಯ್ತು. ತಪ್ಪಿನ ನೋಟ್‌ಬುಕ್‌ಗೆ ಮೊದಲ ಸಾಲು ಬರೆದೆ: "ಕಾಯಿಲ್ ತಿರುಗಿಸಿದರೆ ರೀಡಿಂಗ್ ಮೈನಸ್".